ಮಿಲ್ಲಿಗೆ ಲೈಸೆನ್ಸ್ ಮಾಡಿಸ್ಲಿಕ್ಕೆ ಹೊರಟಾಗ ಪಂಚಾಯತೇ ಬದಲಾಯ್ತು - ನನ್ನ ಅನುಭವ

ಮನೆ ಪಕ್ಕದಲ್ಲೇ ಹುಡಿ ಮಾಡುವ ಮಿಲ್ ಹಾಕಿದ್ದೀರಲ್ಲ, ಲೈಸೆನ್ಸ್ ಹೇಗೆ ಸಿಕ್ಕಿತು ಅಂತ ತುಂಬ ಜನ ಕೇಳ್ತಾರೆ. ಅದ್ರಲ್ಲೂ ಮಂಗಳೂರಿನ ಸುತ್ತಮುತ್ತ ಗ್ರಾಮ ಪಂಚಾಯತ್ ಇದ್ದದ್ದು ಪಟ್ಟಣ ಪಂಚಾಯತ್ ಆದ ಊರಿನವ್ರು ಜಾಸ್ತಿ. ಫೋನಲ್ಲಿ ಹೇಳಿ ಹೇಳಿ ಸಾಕಾಯ್ತು ಮಾರಾಯ್ರೆ, ಒಮ್ಮೆ ಬರ್ದೇ ಬಿಡುವ ಅಂತ ಕೂತೆ. ನಮ್ಮ ಊರಿನ ಹೆಸರು ಹಾಕುದಿಲ್ಲ, ನಾಳೆ ಪುನಃ ಅದೇ ಆಫೀಸಿಗೆ ಹೋಗ್ಲಿಕ್ಕುಂಟು.

ಮಿಲ್ ಅಂದ್ರೆ ದೊಡ್ಡದೇನಲ್ಲ. ಅಕ್ಕಿ ಗೋಧಿಗೆ ಒಂದು ಮೆಷಿನ್, ಮೆಣಸು ಕೊತ್ತಂಬರಿಗೆ ಒಂದು ಪಲ್ವರೈಸರ್. ಐಡಿಯಾ ನನ್ನ ಹೆಂಡತಿದ್ದು, ನಡೆಸುದೂ ಅವಳೇ. ಈ ಕಡೆ ಪ್ಯಾಕೆಟ್ ಮಸಾಲೆ ಎಷ್ಟು ಬಂದ್ರೂ ಮನೇಲೇ ಹುರಿದು ಹುಡಿ ಮಾಡಿಸುವವ್ರು ಇನ್ನೂ ಇದ್ದಾರೆ, ಮಳೆಗಾಲಕ್ಕೆ ಮುಂಚೆ ಏಪ್ರಿಲ್ ಮೇ ತಿಂಗಳಲ್ಲಿ ಬ್ಯಾಡಗಿ ಮೆಣಸು ಒಣಗಿಸಿ ಚೀಲದಲ್ಲಿ ತರ್ತಾರೆ. ಕಾಗದದ ಕೆಲ್ಸ ಎಲ್ಲ ನನ್ನ ಪಾಲಿಗೆ ಬಂತು ಯಾಕಂದ್ರೆ ನಾನು ಹಂಪನಕಟ್ಟೆಲಿ ವಕೀಲರೊಬ್ಬರ ಆಫೀಸಲ್ಲಿ ಸುಮಾರು ವರ್ಷ ಕ್ಲರ್ಕ್ ಆಗಿದ್ದವ, ಜಾಗದ ಫೈಲ್ ನೋಡಿ ನೋಡಿ ಕಣ್ಣಿಗೆ ಅಭ್ಯಾಸ ಉಂಟು.

ಜನ ಸಾಮಾನ್ಯ ಎಂತ ಮಾಡ್ತಾರೆ ಅಂದ್ರೆ ಮೊದ್ಲು ಶೆಡ್ ಹಾಕುದು, ಮತ್ತೆ ಮೆಷಿನ್ ತರುದು, ಮತ್ತೆ ಕರೆಂಟ್, ಕೊನೆಗೆ ಲೈಸೆನ್ಸಿಗೆ ಅರ್ಜಿ. ನಾನು ತಲೆಕೆಳಗೆ ಹೋದೆ. ಮೊದ್ಲು ಹೋದದ್ದು ಉರ್ವಸ್ಟೋರಿನ ಮೂಡಾ ಆಫೀಸಿಗೆ, ಅಂದ್ರೆ ಮಂಗಳೂರು ನಗರಾಭಿವೃದ್ಧಿ ಪ್ರಾಧಿಕಾರ. ಆಗ ನಮ್ಮದು ಇನ್ನೂ ಗ್ರಾಮ ಪಂಚಾಯತ್. ನೆಂಟರೆಲ್ಲ ನಗಾಡಿದ್ರು, ಹಳ್ಳಿಲಿ ಮಿಲ್ ಹಾಕ್ಲಿಕ್ಕೆ ಮೂಡಾ ಎಂತಕ್ಕೆ ಅಂತ. ಇಲ್ಲೇ ಹೆಚ್ಚಿನವ್ರಿಗೆ ಗೊತ್ತಿಲ್ಲದ್ದು ಒಂದುಂಟು. ಮಹಾನಗರ ಪಾಲಿಕೆಯ ಗಡಿ ಬೇರೆ, ಮೂಡಾದ ಯೋಜನಾ ಪ್ರದೇಶದ ಗಡಿ ಬೇರೆ. ಪಾಲಿಕೆಯ 60 ವಾರ್ಡಿನ ಹೊರಗೆ ಇರುವ ಸುಮಾರು ಗ್ರಾಮಗಳು ಕೂಡ ಮೂಡಾದ ಮ್ಯಾಪಿನ ಒಳಗೆ ಬರ್ತವೆ. ತೆರಿಗೆ ಕಟ್ಟುದು ಪಂಚಾಯತಿಗೆ ಆದ್ರೂ ನಿಮ್ಮ ಸರ್ವೆ ನಂಬರಲ್ಲಿ ಎಂತ ಮಾಡ್ಬಹುದು ಅಂತ ಬರ್ದಿರುದು ಮಾಸ್ಟರ್ ಪ್ಲಾನಲ್ಲಿ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ. ಪಂಚಾಯತ್ ಹೋಗಿ ಎಂತ ಬಂದ್ರೂ ಆ ಮ್ಯಾಪ್ ಹಾಗೇ ಇರ್ತದೆ, ಅದಕ್ಕೇ ಅಲ್ಲಿಂದ ಶುರು ಮಾಡಿದ್ದು.

ಮ್ಯಾಪಲ್ಲಿ ಬಣ್ಣ ನೋಡ್ಬೇಕು. ಹಳದಿ ವಸತಿ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸರ್ಕಾರಿ ಮತ್ತು ಸಾರ್ವಜನಿಕ ಕಟ್ಟಡ, ಹಸಿರು ಅಂದ್ರೆ ಪಾರ್ಕ್ ಮೈದಾನ. ನಮ್ಮ ಮನೆ ಇದ್ದ ಜಾಗ ಹಳದಿ, ಹಿಂದಿನ ತೋಟ ಕೃಷಿ ವಲಯ. ಆರ್‌ಟಿಸಿ ಮತ್ತೆ ಸರ್ವೆ ಸ್ಕೆಚ್ ಕೊಟ್ಟು ವಲಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದೆ. ಮಿಲ್ ಶೆಡ್ ತೋಟದ ಬದಿಗೆ ಹಾಕುವ, ಶಬ್ದ ಮನೆಗೆ ಬರುದಿಲ್ಲ ಅಂತ ಹೆಂಡತಿ ಹೇಳ್ತಿದ್ಲು, ಅದಕ್ಕೆ ನಾನು ಒಪ್ಲಿಲ್ಲ. ಅಲ್ಲಿ ಹಾಕಿದ್ರೆ ಮೊದ್ಲು ಕನ್ವರ್ಷನ್, ಅಂದ್ರೆ ಕೃಷಿ ಜಾಗವನ್ನು ಬೇರೆ ಉಪಯೋಗಕ್ಕೆ ಮಾಡಿಸಿಕೊಳ್ಳುದು, ಭೂಕಂದಾಯ ಕಾಯ್ದೆ ಸೆಕ್ಷನ್ 95, ಮತ್ತೆ ವಲಯಕ್ಕೆ ಹೊಂದದಿದ್ರೆ ಭೂಬಳಕೆ ಬದಲಾವಣೆ, ಅದು ಆ 1961ರ ಯೋಜನಾ ಕಾಯ್ದೆಯ ಸೆಕ್ಷನ್ 14ಎ. ಅದಕ್ಕೆ ಪೇಪರಲ್ಲಿ ಪ್ರಕಟಣೆ, ಆಕ್ಷೇಪಣೆ, ಸರ್ಕಾರದ ಒಪ್ಪಿಗೆ ಅಂತ ದೊಡ್ಡ ರಾಮಾಯಣ. ಎರಡು ಮೆಷಿನಿನ ಮಿಲ್ಲಿಗೆ ಅಷ್ಟೆಲ್ಲ ಯಾರಿಗೆ ಬೇಕು. ಮನೆ ಜಾಗ ನನ್ನ ತಂದೆಯ ಕಾಲದಲ್ಲೇ ಕನ್ವರ್ಷನ್ ಆದದ್ದು, ಆ ಆದೇಶದ ಪ್ರತಿ ಕಬ್ಬಿಣದ ಪೆಟ್ಟಿಗೆಲಿ ಇತ್ತು.

ಹಳದಿ ಅಂದ ಕೂಡ್ಲೆ ಮನೆ ಬಿಟ್ಟು ಬೇರೆ ಎಂತದೂ ಆಗುದಿಲ್ಲ ಅಂತಲ್ಲ. ವಲಯ ನಿಯಮಾವಳಿ ಅಂತ ಒಂದು ಪುಸ್ತಕ ಇರ್ತದೆ, ಅದ್ರಲ್ಲಿ ವಸತಿ ವಲಯದಲ್ಲಿ ಸೀದಾ ಆಗುವ ಉಪಯೋಗಗಳು ಒಂದು ಕಡೆ, ಪ್ರಾಧಿಕಾರ ವಿಶೇಷವಾಗಿ ಒಪ್ಪಿದ್ರೆ ಮಾತ್ರ ಆಗುವಂಥದ್ದು ಇನ್ನೊಂದು ಕಡೆ ಇರ್ತದೆ. ಹಿಟ್ಟಿನ ಗಿರಣಿಯಂಥ ಸಣ್ಣ ಸೇವಾ ಉದ್ದಿಮೆಗೆ ಮೋಟಾರಿನ ಹಾರ್ಸ್‌ಪವರ್, ಎದುರಿನ ರಸ್ತೆಯ ಅಗಲ ಇಂಥ ಷರತ್ತು ಬರ್ತದೆ. ನಾನು ಅದನ್ನು ಓದಿ, ಅರ್ಥ ಆಗದ್ದನ್ನು ಅಲ್ಲಿ ಕೇಳಿ, ಆಮೇಲೆ ಮೋಟಾರ್ ಆರಿಸಿದ್ದು. ಮೆಷಿನ್ ಮಾರುವವ ದೊಡ್ಡ ಮೋಟಾರ್ ಹಾಕಿ ಅಣ್ಣ ಬೇಗ ಆಗ್ತದೆ ಅಂತ ಒತ್ತಾಯ ಮಾಡಿದ. ಬೇಗ ಆಗುದು ಬೇಡ, ಪಾಸ್ ಆದ್ರೆ ಸಾಕು ಅಂದೆ. ಒಪ್ಪಿಗೆ ಪತ್ರ ಕೈಗೆ ಬಂದ ಮೇಲೆಯೇ ಶೆಡ್ಡಿನ ಕೆಲ್ಸ ಶುರು ಮಾಡಿಸಿದ್ದು.

ಪಂಚಾಯತಿಂದ ಲೈಸೆನ್ಸ್ ಸಿಗ್ಲಿಕ್ಕೆ ಕಷ್ಟ ಆಗ್ಲಿಲ್ಲ. ಪಿಡಿಒ ಬಂದು ನೋಡಿದ್ರು, ಸಾಮಾನ್ಯ ಸಭೆಲಿ ಇಟ್ರು, ಆಯ್ತು. ನಾನು ಆ ಸಭೆಯ ನಡವಳಿಯ ದೃಢೀಕೃತ ಪ್ರತಿ ಕೇಳಿ ತಗೊಂಡೆ. ಲೈಸೆನ್ಸ್ ಕೈಲಿ ಉಂಟಲ್ಲ ಅದೆಂತಕ್ಕೆ ಅಂದ್ರು. ಲೈಸೆನ್ಸ್ ಮಾರ್ಚ್ 31ಕ್ಕೆ ಮುಗಿತದೆ, ಸಭೆಯ ನಿರ್ಣಯ ಮುಗಿಯುದಿಲ್ಲ, ನನ್ನ ಲೆಕ್ಕ ಅಷ್ಟೆ. ಮೆಸ್ಕಾಂನ ತ್ರೀ ಫೇಸ್ ಕರೆಂಟ್ ಬಂತು, ಆಹಾರದ್ದು ಅಂತ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿದೆವು. ವಾರ್ಷಿಕ ವಹಿವಾಟು 12 ಲಕ್ಷದ ಒಳಗಿದ್ದವ್ರಿಗೆ ಆಗ ಅದು ವರ್ಷಕ್ಕೆ 100 ರೂಪಾಯಿ ಅಷ್ಟೆ ಇದ್ದದ್ದು, ಅದಕ್ಕೂ ಏಜೆಂಟರ ಹತ್ರ ಸಾವಿರಗಟ್ಲೆ ಕೊಡುವವ್ರಿದ್ರು.

ಅಷ್ಟೊತ್ತಿಗೆ ಕರಡು ಅಧಿಸೂಚನೆ ಬಂತು, ನಮ್ಮದು ಮತ್ತೆ ಪಕ್ಕದ ಗ್ರಾಮ ಸೇರಿ ಪಟ್ಟಣ ಪಂಚಾಯತ್ ಆಗ್ತದೆ, ಆಕ್ಷೇಪಣೆ ಇದ್ರೆ 30 ದಿನದೊಳಗೆ ಕೊಡಿ ಅಂತ. ಊರಲ್ಲಿ ಗಲಾಟೆಯೋ ಗಲಾಟೆ. ತೆರಿಗೆ ಏರ್ತದೆ, ಉದ್ಯೋಗ ಖಾತ್ರಿ ಹೋಗ್ತದೆ, ಮನೆ ಕಟ್ಲಿಕ್ಕೆ ನೂರೆಂಟು ನಿಯಮ. ಇನ್ನು ಕೆಲವ್ರು ಬೀದಿದೀಪ ಬರ್ತದೆ, ಕಸದ ಗಾಡಿ ಬರ್ತದೆ, ಜಾಗಕ್ಕೆ ರೇಟ್ ಬರ್ತದೆ ಅಂತ ಖುಷಿ. ಸುರತ್ಕಲ್ ಕಡೆಯವ್ರು ಪಾಲಿಕೆಗೆ ಸೇರಿದಾಗ, ಉಡುಪಿಲಿ ಮಲ್ಪೆ ಮಣಿಪಾಲ ನಗರಸಭೆಗೆ ಬಂದಾಗ ಕೂಡ ಇದೇ ಮಾತು ಇದ್ದಿರ್ಬೇಕು. ಎರಡೂ ಕಡೆಯವ್ರು ಹೇಳುದ್ರಲ್ಲಿ ಸತ್ಯ ಉಂಟು ಅಂತ ನನ್ನ ಅಭಿಪ್ರಾಯ, ಆದ್ರೆ ಸಹಿ ಸಂಗ್ರಹ ಮಾಡಿ ನಮಗೆ ಬೇಡ ಅಂತ ಒಂದು ಸಾಲು ಬರ್ದು ಕೊಟ್ರೆ ಅದು ಆಕ್ಷೇಪಣೆ ಅಂತ ಲೆಕ್ಕಕ್ಕೆ ಬರುದೇ ಕಷ್ಟ. ಪಟ್ಟಣ ಪಂಚಾಯತ್ ಆಗ್ಲಿಕ್ಕೆ ಕಾಯ್ದೆಲಿ ಅಳತೆ ಉಂಟು, ಜನಸಂಖ್ಯೆ 10,000ದಿಂದ 20,000, ಚದರ ಕಿಲೋಮೀಟರಿಗೆ 400 ಜನಕ್ಕೆ ಕಮ್ಮಿ ಇರ್ಬಾರ್ದು, ಕೃಷಿ ಅಲ್ಲದ ಕೆಲ್ಸದವ್ರು ಅರ್ಧಕ್ಕಿಂತ ಕಮ್ಮಿ ಇರ್ಬಾರ್ದು. 20,000 ದಾಟಿದ್ರೆ ಪುರಸಭೆ, 50,000 ದಾಟಿದ್ರೆ ನಗರಸಭೆ, 3 ಲಕ್ಷಕ್ಕೆ ಮಹಾನಗರ ಪಾಲಿಕೆ. ಹಾಗಾಗಿ ಬರೆಯುದಾದ್ರೆ ಆ ಅಳತೆ ಹಿಡಿದೇ ಬರೀಬೇಕು.

ನಮ್ಮ ಗ್ರಾಮದ ಕೊನೆಗೆ ಹೊಳೆ ಬದಿಲಿ ಪೂರ್ತಿ ಗದ್ದೆ ಮತ್ತೆ ಅಡಿಕೆ ತೋಟ, ಮನೆಗಳೇ ಬೆರಳೆಣಿಕೆ. ಅಲ್ಲಿಯವ್ರು ಬಂದು ಬರ್ದುಕೊಡಿ ಅಂದ್ರು. 2011ರ ಜನಗಣತಿ ಲೆಕ್ಕ, ಆ ಭಾಗದ ಸರ್ವೆ ನಂಬರ್, ಎಷ್ಟು ಎಕರೆ ಭತ್ತ, ಹಾಲು ಡೈರಿಗೆ ಹಾಕುವವ್ರು ಎಷ್ಟು ಮನೆ, ಇಷ್ಟು ಸೇರಿಸಿ ಈ ಭಾಗವನ್ನು ಬಿಟ್ಟು ಉಳಿದದ್ದು ಸೇರಿಸಿ ಅಂತ ಬರ್ದುಕೊಟ್ಟೆ. ಜಿಲ್ಲಾಧಿಕಾರಿ ಕಚೇರಿಲಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸಿಕೊಂಡ್ರು. ಅಂತಿಮ ಅಧಿಸೂಚನೆ ಬಂತು ನೋಡಿ, ಒಂದು ಗದ್ದೆ ಕೂಡ ಬಿಡ್ಲಿಲ್ಲ. ಆಕ್ಷೇಪಣೆ ಪರಿಶೀಲಿಸಲಾಗಿದೆ ಅಂತ ಒಂದು ಸಾಲು ಇತ್ತು. ಅವ್ರಿಗೆ ಬೇಜಾರಾಯ್ತು, ನನಗೂ ಆಯ್ತು.

ಆದ್ರೆ ಆ ಅಧಿಸೂಚನೆಯ ಅನುಸೂಚಿ ನನ್ನ ಕೈಲಿ ಇತ್ತಲ್ಲ, ಗಡಿಯ ವಿವರ, ಸರ್ವೆ ನಂಬರ್ ಎಲ್ಲ ಇರುವಂಥದ್ದು, ಅದು ಮತ್ತೆ ನನಗೇ ಉಪಕಾರಕ್ಕೆ ಬಂತು. ಹೊಸ ಆಫೀಸಲ್ಲಿ ರಿನೀವಲ್‌ಗೆ ಹೋದ್ರೆ ನಿಮ್ಮ ಸರ್ವೆ ನಂಬರ್ ನಮ್ಮ ಲಿಸ್ಟಲ್ಲಿ ಇಲ್ಲ, ನೀವು ಪಟ್ಟಣ ಪಂಚಾಯತಿಗೆ ಸೇರದ ಆಚೆ ಬದಿಯ ಗ್ರಾಮ ಪಂಚಾಯತಿಗೆ ಹೋಗ್ಬೇಕು ಅಂದ್ರು. ಅಲ್ಲಿಗೆ ಹೋದ್ರೆ ನೀವು ನಮ್ಮವ್ರೇ ಅಲ್ಲ ಅಂದ್ರು. ನಮ್ಮ ಮಿಲ್ ಕಾಗದದಲ್ಲಿ ಯಾವ ಊರಿಗೂ ಸೇರದೆ ನಿಂತಿತ್ತು. ಗಜೆಟ್ ಪ್ರತಿ ತೆಗ್ದು ಗೆರೆ ಎಳೆದು ತೋರಿಸಿದ ಮೇಲೆ ಮುಖ್ಯಾಧಿಕಾರಿ ಸ್ವತಃ ನೋಡಿ ಲಿಸ್ಟ್ ಸರಿ ಮಾಡಿಸಿದ್ರು. ಪಾಪ ಅವ್ರಿಗೂ ಹಳೆ ಪಂಚಾಯತಿನ ರಿಜಿಸ್ಟರ್ ಪೂರ್ತಿ ಬಂದಿರ್ಲಿಲ್ಲ. ಲೈಸೆನ್ಸ್ ರಿಜಿಸ್ಟರಿನ ಬದಲು ನಾನು ಆ ಸಭೆಯ ನಡವಳಿ ಪ್ರತಿ ಇಟ್ಟೆ, ಅದನ್ನೇ ಫೈಲಿಗೆ ಹಾಕಿದ್ರು. ಹಳೆ ಲೈಸೆನ್ಸನ್ನು ಮಾರ್ಚ್ ತನಕ ಊರ್ಜಿತ ಅಂತ ಒಪ್ಪಿದ್ರು. ಆಸ್ತಿ ದಾಖಲೆ ಕೂಡ ಗ್ರಾಮ ಪಂಚಾಯತಿನ ಇ-ಸ್ವತ್ತಿನ ನಮೂನೆ 9/11 ಹೋಗಿ ಪಟ್ಟಣದ ಇ-ಆಸ್ತಿಯ ನಮೂನೆ 3 ಆಗ್ಬೇಕಿತ್ತು, ಅದು ಆಗದೆ ಉದ್ದಿಮೆ ಪರವಾನಗಿ ಮುಂದೆ ಹೋಗುದಿಲ್ಲ ಅಂತ ಇನ್ನೊಂದು ಕೊಕ್ಕೆ. ತೆರಿಗೆ ರಶೀದಿ ಎಲ್ಲ ಇದ್ದ ಕಾರಣ ಅದೂ ಕಳೀತು, ಆದ್ರೆ ಮಂಡೆಬೆಚ್ಚ ಅಂದ್ರೆ ಅದೇ.

ಆ ಹೊತ್ತಿಗೆ ಚುನಾಯಿತ ಸದಸ್ಯರು ಯಾರೂ ಇರ್ಲಿಲ್ಲ, ತಹಶೀಲ್ದಾರರೇ ಆಡಳಿತಾಧಿಕಾರಿ. ಮಂಗಳೂರು ಪಾಲಿಕೆಯಲ್ಲೂ 2025ರ ಫೆಬ್ರವರಿಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ಆಡಳಿತಾಧಿಕಾರಿ ಬಂದ್ರಲ್ಲ, ಸಿಟಿಲಿ ಅಂಗಡಿ ಇರುವ ನನ್ನ ಭಾವ ಈಗ ಫೋನ್ ಮಾಡ್ಲಿಕ್ಕೆ ಕಾರ್ಪೊರೇಟರೇ ಇಲ್ಲ, ಲಾಲ್‌ಬಾಗಿನ ಪಾಲಿಕೆ ಆಫೀಸಿಗೆ ನಾನೇ ಓಡ್ಬೇಕು ಅಂತ ಗೊಣಗ್ತಿದ್ದ. ಮೆಂಬರ್ ಇದ್ರೆ ಒಂದು ಮಾತಲ್ಲಿ ಆಗುವ ಕೆಲ್ಸ ಆಗ ಕಾಗದದಲ್ಲೇ ಆಗ್ಬೇಕು. ನನ್ನಂಥ ಕಾಗದದ ಮನುಷ್ಯನಿಗೆ ಅದು ತೊಂದ್ರೆ ಅಲ್ಲ, ಆದ್ರೆ ಓದು ಬರಹ ಕಮ್ಮಿ ಇದ್ದವ್ರಿಗೆ ಮೆಂಬರ್ ಇಲ್ಲದ ಊರು ಭಾರಿ ಕಷ್ಟ, ಅದನ್ನು ಕಣ್ಣಾರೆ ನೋಡಿದ್ದೇನೆ. ಅರ್ಜಿ ಕೊಟ್ಟಾಗ ಸಕಾಲ ನಂಬರ್ ಕೇಳಿ ತಗೊಳ್ಳಿ, ಅದ್ರಲ್ಲಿ ಸೇರಿದ ಸೇವೆ ತಡ ಆದ್ರೆ ದಿನಕ್ಕೆ 20 ರೂಪಾಯಿ ಪರಿಹಾರ ಅಂತ ಕಾಯ್ದೆಲೇ ಉಂಟು. ದುಡ್ಡು ಮುಖ್ಯ ಅಲ್ಲ, ಆ ನಂಬರ್ ಇದ್ರೆ ಫೈಲ್ ಕಾಣೆ ಆಗುದಿಲ್ಲ.

ಇದೆಲ್ಲ ಮುಗಿಯುವಾಗ ಪಕ್ಕದಲ್ಲಿ ಹೊಸ ಫ್ಲ್ಯಾಟ್ ಎದ್ದಿತ್ತು. ಅಲ್ಲಿಂದ ದೂರು ಹೋಯ್ತು, ಮೆಣಸಿನ ಘಾಟು, ಸೀನು ನಿಲ್ಲುದಿಲ್ಲ ಅಂತ. ಆರೋಗ್ಯ ನಿರೀಕ್ಷಕರು ಸ್ಥಳ ಪರಿಶೀಲನೆಗೆ ಬಂದ ದಿನ ಹೆಂಡತಿ ಗೋಧಿ ಮಾತ್ರ ಹಾಕುವನಾ ಅಂತ ಕೇಳಿದ್ಲು. ಬೇಡ, ಮೆಣಸೇ ಹಾಕು, ನೋಡ್ಲಿ ಅಂದೆ. ನೋಡಿದ್ರು, ಅವ್ರೂ ಸೀನಿದ್ರು. ಘಾಟು ಇರುದು ಹೌದು ಸರ್, ಎಂತ ಮಾಡ್ಬೇಕು ಹೇಳಿ ಅಂತ ಕೇಳಿ ಅದನ್ನೇ ಷರತ್ತಿನ ರೂಪದಲ್ಲಿ ಬರೆಸಿಕೊಂಡೆ. ಪಲ್ವರೈಸರಿಗೆ ಹಾರುವ ಹುಡಿ ಹಿಡಿಯುವ ಸೈಕ್ಲೋನ್ ಮತ್ತೆ ಬಟ್ಟೆ ಚೀಲದ ಫಿಲ್ಟರ್, ಎಕ್ಸಾಸ್ಟ್ ಫ್ಯಾನ್ ಫ್ಲ್ಯಾಟಿನ ಕಡೆಗಲ್ಲ ತೋಟದ ಕಡೆಗೆ, ಬೆಳಿಗ್ಗೆ 9ರ ಮೊದ್ಲು ಸಂಜೆ 6ರ ಮತ್ತೆ ಮೆಷಿನ್ ಇಲ್ಲ. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್ ಮಿತಿ, ಮೋಟಾರಿನ ಅಡಿಗೆ ರಬ್ಬರ್ ಪ್ಯಾಡ್ ಹಾಕಿಸಿದೆವು. ಬರೀ ದೂರು ಅಂತ ಇದ್ರೆ ಅದು ಎಷ್ಟು ಸಲ ಬೇಕಾದ್ರೂ ಏಳ್ತದೆ. ಬರ್ದ ಷರತ್ತು, ಅದನ್ನು ಮಾಡಿದ ಫೋಟೋ, ಬಿಲ್, ಇಷ್ಟಿದ್ರೆ ಮುಂದಿನ ದೂರಿಗೆ ಉತ್ತರ ಫೈಲಲ್ಲೇ ಉಂಟು.

ದೂರು ಕೊಟ್ಟವ್ರು ಒಬ್ರು ನಿವೃತ್ತ ಬ್ಯಾಂಕಿನವ್ರು, ಒಳ್ಳೆ ಜನವೇ. ನೇರ ಮನೆಗೆ ಹೋಗಿ ಮಾತಾಡಿದೆ. "ನಾವು ಬಂದದ್ದು ಆಮೇಲೆ ಅಂತ ಗೊತ್ತುಂಟು, ಆದ್ರೂ ನನ್ನ ಮಿಸೆಸ್‌ಗೆ ಅಸ್ತಮಾ ಮಾರಾಯ್ರೆ" ಅಂದ್ರು. ಅದಕ್ಕೆ ಎಂತ ಹೇಳುದು. ಮೆಣಸು ಹುಡಿ ಮಾಡುದು ಈಗ ಮಂಗಳವಾರ ಶುಕ್ರವಾರ ಮಾತ್ರ, ಅವತ್ತು ಅವ್ರು ಆ ಬದಿಯ ಕಿಟಕಿ ಹಾಕಿಡ್ತಾರೆ. ಇದು ಯಾವ ಷರತ್ತಲ್ಲೂ ಇಲ್ಲ.

ಈಗ ಲೈಸೆನ್ಸ್ ಸರಿಯಾಗಿ ರಿನೀವಲ್ ಆಗ್ತಾ ಉಂಟು. ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಬೇಕು ಅಂತ ನಿಯಮ ಬಂದಾಗ ನಮಗೆ ಎಂತದೂ ಮಾಡ್ಲಿಕ್ಕೆ ಇರ್ಲಿಲ್ಲ, ನಮ್ಮದು ಪೂರ್ತಿ ಕನ್ನಡವೇ. ಬಾಕಿ ಇರುದು ಒಂದೇ, ಮಾಸ್ಟರ್ ಪ್ಲಾನಿನ ಮ್ಯಾಪಲ್ಲಿ ನಮ್ಮ ಎದುರಿನ ರಸ್ತೆ ಈಗ ಇರುದಕ್ಕಿಂತ ಅಗಲ ಉಂಟು, ಗೆರೆ ನಮ್ಮ ಅಂಗಳದ ಒಳಗೇ ಬರ್ತದೆ. ಯಾವಾಗ ಅಗಲ ಮಾಡ್ತಾರೆ ಅಂತ ಕೇಳಿದೆ, ಯೋಜನೆ ಬಂದಾಗ ಅಂದ್ರು. ಹಾಗಾಗಿ ಮಿಲ್ಲಿನ ಗೋಡೆ ಗೆರೆಯಿಂದ ಹಿಂದೆಯೇ ಕಟ್ಟಿದ್ದು. ಜನ ನಿಲ್ಲುವ ಜಾಗಕ್ಕೆ ಎದುರಿಗೆ ಹಾಕಿದ ಶೀಟು ಮಾತ್ರ ಗೆರೆ ದಾಟಿ ಉಂಟು, ಅದನ್ನು ನಟ್ಟು ಬೋಲ್ಟಲ್ಲಿ ಕೂರಿಸಿದ್ದೇವೆ, ವೆಲ್ಡಿಂಗ್ ಮಾಡಿಸ್ಲಿಲ್ಲ.