ಮಂಡ್ಯದಿಂದ ಅಂಡಮಾನ್‌ಗೆ, ಮಕ್ಕಳನ್ನೂ ಅತ್ತೆಯನ್ನೂ ಕರಕೊಂಡು

ನಮ್ಮ ಮಕ್ಕಳು ದೊಡ್ಡ ನೀರು ಅಂತ ನೋಡಿದ್ದು ಕೆಆರ್‌ಎಸ್ ಮತ್ತು ವಿ.ಸಿ. ನಾಲೆ, ಅಷ್ಟೇ. ಸಮುದ್ರ ತೋರಿಸಬೇಕು ಅಂತ ಎರಡು ವರ್ಷದ ಹಿಂದೆ ಒಂದು ಚೀಟಿಗೆ ಸೇರಿದ್ದೆ. ಅದನ್ನು ಎತ್ತಿದ ದುಡ್ಡಲ್ಲೇ ಈ ಏಪ್ರಿಲ್‌ನಲ್ಲಿ ಅಂಡಮಾನ್‌ಗೆ ಹೋಗಿ ಬಂದೆವು. ನಾನು, ನಮ್ಮೆಜಮಾನರು, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಜೊತೆಗೆ ಅರವತ್ತೆಂಟರ ನಮ್ಮ ಅತ್ತೆ. ಒಟ್ಟು 8 ದಿನ.

ಮೊದಲು ದಸರಾ ರಜೆಗೆ ಹೋಗೋಣ ಅಂದುಕೊಂಡಿದ್ದೆವು. ಆದರೆ ಅಕ್ಟೋಬರ್, ನವೆಂಬರ್‌ನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಜಾಸ್ತಿ. ಮೇ ಕೊನೆಗೆ ಹೋಗೋಣ ಅಂದರೆ ಮುಂಗಾರು ನಮ್ಮ ಕಡೆಗಿಂತ ಮೊದಲು ಅಲ್ಲೇ ಇಳಿಯುತ್ತದೆ. ಹಾಗಾಗಿ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಮಧ್ಯಕ್ಕೆ ಹಿಡಿದೆವು. ಬಿಸಿಲು ಇತ್ತು, ಸೆಕೆಯೂ ಇತ್ತು. ಸಮುದ್ರ ಮಾತ್ರ ನಮ್ಮ ಕೆರೆ ಥರ ಸುಮ್ಮನಿತ್ತು. ಮಕ್ಕಳನ್ನು ಹಡಗು ಹತ್ತಿಸುವವರಿಗೆ ಅದೇ ಮುಖ್ಯ ಅಲ್ವಾ?

ಟಿಕೆಟ್ ಹುಡುಕುವಾಗ ಹೆಸರುಗಳಲ್ಲಿ ಗೊಂದಲ ಆಗುತ್ತದೆ, ಮೊದಲೇ ಹೇಳಿಬಿಡುತ್ತೇನೆ. ಪೋರ್ಟ್ ಬ್ಲೇರ್‌ಗೆ 2024ರಿಂದ ಶ್ರೀ ವಿಜಯಪುರಂ ಅಂತ ಹೆಸರು. ಹ್ಯಾವ್ಲಾಕ್ ಈಗ ಸ್ವರಾಜ್ ದ್ವೀಪ್, ನೀಲ್ ಈಗ ಶಹೀದ್ ದ್ವೀಪ್. ಇವೆರಡೂ 2018ರಲ್ಲೇ ಬದಲಾದವು. ಜನ ಎರಡೂ ಹೆಸರು ಹೇಳುತ್ತಾರೆ.

ನಮ್ಮೆಜಮಾನರು ಬರೆದ ಮೊದಲ ಪಟ್ಟಿಯಲ್ಲಿ ಬಾರಾಟಾಂಗ್ ಕೂಡ ಇತ್ತು. ಅಲ್ಲಿ ಸುಣ್ಣಕಲ್ಲಿನ ಗುಹೆ, ಕೆಸರು ಉಕ್ಕುವ ಜ್ವಾಲಾಮುಖಿ ಇದೆ. ಆದರೆ ಅದಕ್ಕೆ ಬೆಳಗಿನ ಜಾವ ಹೊರಡಬೇಕು, ಜಾರವಾ ಅನ್ನುವ ಆದಿವಾಸಿ ಜನರ ಮೀಸಲು ಕಾಡಿನೊಳಗೆ ವಾಹನಗಳ ಸಾಲಿನಲ್ಲೇ ಹೋಗಬೇಕು. ಐದು ವರ್ಷದ ಮಗುವಿಗೆ ಅಷ್ಟು ಹೊತ್ತು ಕಾರಲ್ಲಿ ಕೂರುವುದು ಕಷ್ಟ. ಇನ್ನೊಬ್ಬರ ಬದುಕಿನ ನಡುವೆ ಕಿಟಕಿಗೆ ಮುಖ ಒತ್ತಿಕೊಂಡು ಹಾದುಹೋಗುವುದು ನನಗೂ ಸರಿ ಕಾಣಲಿಲ್ಲ. ಬಿಟ್ಟೆವು. ಬರೀ ಹ್ಯಾವ್ಲಾಕ್, ನೀಲ್ ಎರಡೇ ಇಟ್ಟುಕೊಂಡು ಒಂದೊಂದರಲ್ಲಿ ಎರಡು ರಾತ್ರಿ ಉಳಿದೆವು. ಹೋದ ದಿನ ಒಂದು ರಾತ್ರಿ, ಬರುವಾಗ ಎರಡು ರಾತ್ರಿ ಶ್ರೀ ವಿಜಯಪುರಂನಲ್ಲಿ.

ಬರುವಾಗ ಎರಡು ರಾತ್ರಿ ಇಟ್ಟದ್ದಕ್ಕೆ ಕಾರಣ ಇದೆ. ಗಾಳಿ ಜೋರಾದರೆ ದ್ವೀಪಗಳ ನಡುವಿನ ಫೆರಿ ನಿಂತುಬಿಡುತ್ತದೆ, ವಿಮಾನ ನಮಗಾಗಿ ಕಾಯುವುದಿಲ್ಲ. ನೀಲ್‌ನಿಂದ ನೇರ ಬಂದು ಅವತ್ತೇ ವಿಮಾನ ಹತ್ತುವ ಲೆಕ್ಕ ಹಾಕಬೇಡಿ. ಬ್ರಿಟಿಷರು ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕಿದ್ದ ಸೆಲ್ಯುಲರ್ ಜೈಲು ಶ್ರೀ ವಿಜಯಪುರಂನಲ್ಲೇ ಇದೆ, ಅದನ್ನು ಬೇಕಂತಲೇ ಕೊನೆಗೆ ಇಟ್ಟೆವು. ಫೆರಿ ತಪ್ಪಿದರೆ ಅದೊಂದು ತಪ್ಪುತ್ತದೆ, ಊರಿಗೆ ಬರುವುದು ತಪ್ಪುವುದಿಲ್ಲ.

ಬುಕಿಂಗ್ ಕೂಡ ಇದೇ ಲೆಕ್ಕದಲ್ಲಿ ಮಾಡಿದೆ. ಮೊದಲು ಬೆಂಗಳೂರಿನಿಂದ ವಿಮಾನ, ಆಮೇಲೆ ಫೆರಿ, ಎರಡೂ ಖಾತ್ರಿಯಾದ ಮೇಲೆ ರೂಮು. ಎರಡು ವರ್ಷ ತುಂಬಿದ ಮಗುವಿಗೆ ವಿಮಾನದಲ್ಲಿ ಸೀಟು ತೆಗೆದುಕೊಳ್ಳಲೇಬೇಕು, ಹಾಗಾಗಿ ನಮ್ಮ ಖರ್ಚಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದಕ್ಕೇ ಹೋಯಿತು. ವಿಮಾನವನ್ನು ಹತ್ತೂವರೆಯ ಮೇಲಿನದ್ದು ಹುಡುಕಿದೆ. ಮಂಡ್ಯದಿಂದ ಏರ್‌ಪೋರ್ಟ್‌ಗೆ ಮೂರು ಗಂಟೆ ದಾರಿ. ನಸುಕಿನ ವಿಮಾನ ಅಂದರೆ ಮಕ್ಕಳಿಗೆ ರಾತ್ರಿಯೆಲ್ಲಾ ನಿದ್ದೆ ಇಲ್ಲ, ಮೊದಲ ಎರಡು ದಿನ ರಚ್ಚೆಯಲ್ಲೇ ಕಳೆಯುತ್ತದೆ.

ರೂಮಿನ ವಿಷಯದಲ್ಲಿ ಒಂದು ಕಡೆ ಬೇಜಾರಾಯಿತು. ಫೋನಲ್ಲಿ ಹೆಚ್ಚುವರಿ ಹಾಸಿಗೆ ಕೊಡುತ್ತೇವೆ ಅಂದವರು ಅಲ್ಲಿಗೆ ಹೋದಾಗ ಇಲ್ಲ ಅಂದುಬಿಟ್ಟರು. ಅತ್ತೆಗೆ ಮಂಚ ಬಿಟ್ಟು ನಾವಿಬ್ಬರೂ ನೆಲದ ಮೇಲೆ ಮಲಗಿದೆವು. ಹೇಳಿದ್ದನ್ನು ಮೆಸೇಜಿನಲ್ಲಿ ಬರೆಸಿಕೊಳ್ಳಿ.

ಮಗನಿಗೆ ಮಡಿಕೇರಿ ಘಾಟಿಯಲ್ಲೇ ವಾಂತಿ ಆಗುತ್ತಿತ್ತು, ಹಾಗಾಗಿ ಫೆರಿಯ ಬಗ್ಗೆ ನನಗೆ ಭಯ ಇತ್ತು. ಮಕ್ಕಳ ಡಾಕ್ಟರ ಹತ್ತಿರ ಹೋಗಿ ಅವನ ತೂಕಕ್ಕೆ ತಕ್ಕ ಔಷಧಿ ಬರೆಸಿಕೊಂಡು ಬಂದೆ. ಅದನ್ನು ಹೊರಡುವ ಮೊದಲೇ ಕೊಡಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ಕೊಟ್ಟು ಉಪಯೋಗವಿಲ್ಲ. ಬೆಳಿಗ್ಗೆ ಎರಡು ಇಡ್ಲಿ ಮಾತ್ರ ತಿನ್ನಿಸಿದೆ, ಹಾಲು ಕೊಡಲಿಲ್ಲ. ಮುಂದಿನ ಸಾಲು ಜಾಸ್ತಿ ಎಗರುತ್ತದೆ, ಮಧ್ಯದಿಂದ ಹಿಂದಕ್ಕೆ ಸೀಟು ತೆಗೆದುಕೊಳ್ಳಿ. ಹ್ಯಾವ್ಲಾಕ್‌ಗೆ ಹೋಗುವಾಗ ಅವನು ಅಜ್ಜಿಯ ತೊಡೆ ಮೇಲೆ ನಿದ್ದೆ ಹೋದ. ಅಲ್ಲಿಂದ ನೀಲ್‌ಗೆ ಹೋಗುವಾಗ, ಹತ್ತಿರ ತಾನೇ ಅಂತ ನಾನು ಔಷಧಿ ಕೊಡಲಿಲ್ಲ, ಒಂದೇ ಗಂಟೆಯಲ್ಲಿ ಮೂರು ಸಲ ವಾಂತಿ ಮಾಡಿಕೊಂಡ. ಪಾಪ, ಮುಖ ಬಿಳಿಚಿಕೊಂಡು ನನ್ನ ಸೆರಗು ಹಿಡಿದುಕೊಂಡು ಕೂತಿದ್ದ. ಅದು ನನ್ನ ತಪ್ಪು.

ನಮ್ಮ ದಿನಚರಿಯನ್ನೇ ಬದಲಿಸಿದ್ದು ಸೂರ್ಯ. ಗಡಿಯಾರ ನಮ್ಮದೇ, ಆದರೆ ಅಂಡಮಾನ್ ಮಂಡ್ಯಕ್ಕಿಂತ ಹದಿನಾರು ಡಿಗ್ರಿ ಪೂರ್ವಕ್ಕಿದೆ. ಡಿಗ್ರಿಗೆ 4 ನಿಮಿಷ ಅಂದರೆ ಒಂದು ಗಂಟೆಗೂ ಮೇಲೆ. ಬೆಳಿಗ್ಗೆ 5ಕ್ಕೆಲ್ಲಾ ಬೆಳಕು, ಸಂಜೆ 5.30ರ ಹೊತ್ತಿಗೆ ಸೂರ್ಯ ಮುಳುಗಿಯೇ ಬಿಡುತ್ತಾನೆ. ರಾಧಾನಗರ ಬೀಚಿಗೆ ಮೊದಲ ದಿನ ಊಟ, ನಿದ್ದೆ ಮುಗಿಸಿ ಐದಕ್ಕೆ ಹೋದೆವು, ಮಕ್ಕಳು ನೀರಿಗೆ ಇಳಿಯುವಷ್ಟರಲ್ಲಿ ಕತ್ತಲಾಯಿತು, ಮಗಳು ದಾರಿಯುದ್ದಕ್ಕೂ ಅತ್ತಳು. ಮಾರನೇ ದಿನ ಎಲ್ಲರೂ ಐದಕ್ಕೇ ಎದ್ದು ಆರಕ್ಕೆ ಮರಳಿನ ಮೇಲಿದ್ದೆವು. ಬಿಸಿಲಿಲ್ಲ, ಜನ ಇಲ್ಲ. ಒಂಬತ್ತಕ್ಕೆ ವಾಪಸ್. ಆಮೇಲೆ ಇದ್ದಷ್ಟು ದಿನ ಹಾಗೇ ಮಾಡಿದೆವು. ನಸುಕಿನಲ್ಲಿ, ಸಂಜೆ ಮರಳಿನಲ್ಲಿ ಸಣ್ಣ ನೊಣಗಳು ಕಚ್ಚುತ್ತವೆ, ವಾರಗಟ್ಟಲೆ ತುರಿಕೆ ಬಿಡುವುದಿಲ್ಲ.

ನೀರಿಗೆ ಇಳಿಯುವ ಮುಂಚೆ ಬೋರ್ಡ್ ಓದಿ. ಅಲ್ಲಿ ಕೆಲವು ಕಡೆ ಉಪ್ಪುನೀರಿನ ಮೊಸಳೆ ಇವೆ. ಸಣ್ಣವರಿಗೆ ನೀಲ್‌ನ ಭರತ್‌ಪುರ ಬೀಚ್ ಒಳ್ಳೆಯದು, ನೀರು ದೂರದವರೆಗೂ ಮೊಣಕಾಲಷ್ಟೇ. ಅದೇ ದ್ವೀಪದ ಇನ್ನೊಂದು ಕಡೆ ಇರುವ ಕಲ್ಲಿನ ಕಮಾನು ನೋಡಲು ಸಮುದ್ರ ಇಳಿತದ ಹೊತ್ತಿಗೇ ಹೋಗಬೇಕು, ಹಿಂದಿನ ದಿನವೇ ಆಟೋದವರನ್ನು ಕೇಳಿಟ್ಟುಕೊಳ್ಳಿ. ಕಲ್ಲು ಜಾರುತ್ತದೆ, ಅತ್ತೆ ಮೇಲೇ ಕೂತು ಎಳನೀರು ಕುಡಿದರು.

ಊಟಕ್ಕೆ ತೊಂದರೆ ಆಗಲಿಲ್ಲ. ಅನ್ನ, ಮೀನು ಎಲ್ಲಾ ಕಡೆ ಸಿಗುತ್ತದೆ. ಅತ್ತೆ ಸೋಮವಾರ, ಶನಿವಾರ ಮೀನು ಮುಟ್ಟುವುದಿಲ್ಲ, ಅದಕ್ಕೆ ಒಂದು ಸಣ್ಣ ಕೆಟಲ್, ರಾಗಿ ಹಿಟ್ಟು, ಹುರಿದ ರವೆ, ಹುರುಳಿ ಚಟ್ನಿಪುಡಿ ತೆಗೆದುಕೊಂಡು ಹೋಗಿದ್ದೆವು. ಮಕ್ಕಳಿಗೂ ರಾತ್ರಿ ರಾಗಿ ಗಂಜಿ ಆಯಿತು. ನಮ್ಮೂರವರು ತಪ್ಪದೆ ಕಟ್ಟುವ ಕೊಬ್ಬರಿ ಗಿಟುಕನ್ನು ಮಾತ್ರ ಮನೆಯಲ್ಲೇ ಬಿಡಿ. ಎಣ್ಣೆ ಅಂಶ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತದೆ ಅಂತ ವಿಮಾನದಲ್ಲಿ ಬಿಡುವುದಿಲ್ಲ.

ಜೈಲು ನೋಡುವ ಮುಂಚೆ ಮಗಳಿಗೆ ಅರ್ಥ ಆಗಲಿ ಅಂತ ಮಾರ್ಚ್‌ನಲ್ಲೇ ಮದ್ದೂರಿನ ಹತ್ತಿರ ಶಿವಪುರದ ಸತ್ಯಾಗ್ರಹ ಸೌಧಕ್ಕೆ ಕರೆದುಕೊಂಡು ಹೋಗಿದ್ದೆ. 1938ರಲ್ಲಿ ಬಾವುಟ ಹಾರಿಸಿದ್ದಕ್ಕೆ ನಮ್ಮವರನ್ನು ಹಿಡಿದದ್ದು ಅವಳಿಗೆ ಗೊತ್ತಿತ್ತು. ಸೆಲ್ಯುಲರ್ ಜೈಲು 1906ರಲ್ಲಿ ಕಟ್ಟಿ ಮುಗಿಸಿದ್ದು, ಗಾಡಿ ಚಕ್ರದ ಅರೆಕಾಲಿನ ಹಾಗೆ ಏಳು ಸಾಲು ಇದ್ದವು, ಈಗ ಮೂರು ಉಳಿದಿವೆ. ಒಂದು ಸಾಲಿನ ಬಾಗಿಲಿಗೆ ಎದುರು ಸಾಲಿನ ಬೆನ್ನು ಕಾಣುತ್ತದೆ, ಒಬ್ಬರ ಮುಖ ಒಬ್ಬರು ನೋಡದ ಹಾಗೆ. ಮಗಳು ಒಂದು ಕೋಣೆಯೊಳಗೆ ಹೋಗಿ ನಿಂತು, "ಅಮ್ಮ, ಇವರಿಗೆ ಸಮುದ್ರದ ಸದ್ದು ಕೇಳಿಸ್ತಿತ್ತಾ?" ಅಂದಳು. ಅತ್ತೆ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ರಾತ್ರಿಯ ಬೆಳಕು-ಧ್ವನಿ ಪ್ರದರ್ಶನಕ್ಕೆ ನಾವು ನಿಲ್ಲಲಿಲ್ಲ, ಐದಕ್ಕೆ ಎದ್ದ ಮಕ್ಕಳು ಏಳಕ್ಕೇ ತೂಕಡಿಸುತ್ತಿದ್ದರು.

ಚಿಪ್ಪು, ಹವಳದ ತುಂಡು ಅಲ್ಲಿಂದ ತರುವ ಹಾಗಿಲ್ಲ, ಏರ್‌ಪೋರ್ಟ್‌ನಲ್ಲಿ ನೋಡುತ್ತಾರೆ. ಮಗನಿಗೆ ಮೊದಲ ದಿನವೇ ಹೇಳಿದ್ದೆ. ಅವನು ಆರಿಸಿದ್ದನ್ನೆಲ್ಲಾ ಮರಳಿನ ಮೇಲೆ ಸಾಲಾಗಿ ಜೋಡಿಸುತ್ತಿದ್ದ, ನಾನು ಫೋಟೋ ತೆಗೆಯುತ್ತಿದ್ದೆ, ಆಮೇಲೆ ಅಲ್ಲೇ ಬಿಟ್ಟು ಬರುತ್ತಿದ್ದೆವು. ಹೊರಡುವ ದಿನ ತಪಾಸಣೆಯವರು ಕೇಳುವ ಮೊದಲೇ ಅವನು ಚಡ್ಡಿ ಜೇಬು ಎರಡನ್ನೂ ಹೊರಗೆಳೆದು ತೋರಿಸಿದ. ಒಂದು ಹಿಡಿ ಮರಳು ಉದುರಿತು. ಈಗ ಆ ಫೋಟೋಗಳನ್ನು ಪ್ರಿಂಟ್ ಹಾಕಿಸಿ ಅವನ ಮಂಚದ ಪಕ್ಕ ಅಂಟಿಸಿದ್ದೇವೆ, ಒಟ್ಟು ನಲವತ್ತೊಂದು ಚಿಪ್ಪು.