ಪ್ಯಾರಾಥೈರಾಯ್ಡ್‌ನಿಂದ ಎಲುಬು ಸವೆಯುತ್ತಿದೆಯಾ? ಗುಳಿಗೆ ನುಂಗುವ ಮೊದಲು ಇಷ್ಟು ಮಾಡಿ

ಕಲಬುರಗಿ ಕಡೆ ಸೊಂಟ ನೋವು, ಕೈಕಾಲು ನೋವು ಅಂದರೆ ಸಾಕು, ಮೆಡಿಕಲ್ ಅಂಗಡಿಯಿಂದ ಕ್ಯಾಲ್ಸಿಯಂ ಗುಳಿಗೆ ಮನೆಗೆ ಬರುತ್ತದೆ. ಸುಮ್ನೆ ಹಾಗೆ ನುಂಗಬೇಡಿ. ಕುತ್ತಿಗೆಯಲ್ಲಿ ಥೈರಾಯ್ಡ್ ಹಿಂದೆ ಸಾಮಾನ್ಯವಾಗಿ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿರುತ್ತವೆ, ಒಂದೊಂದೂ ಅಕ್ಕಿಕಾಳಿನಷ್ಟು. ಅದರಲ್ಲಿ ಒಂದು ದಪ್ಪಗಾಗಿ ಪಿಟಿಎಚ್ (ಪ್ಯಾರಾಥೈರಾಯ್ಡ್ ಹಾರ್ಮೋನು) ಜಾಸ್ತಿ ಸುರಿಸಿದರೂ ಎಲುಬಿನ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಇಳಿಯುತ್ತದೆ.

ಮೊದಲು ರಕ್ತ ಪರೀಕ್ಷೆ. ಕ್ಯಾಲ್ಸಿಯಂ, ಅಲ್ಬುಮಿನ್, ಪಿಟಿಎಚ್, ವಿಟಮಿನ್ ಡಿ, ಕ್ರಿಯಾಟಿನಿನ್ ಒಟ್ಟಿಗೇ ಮಾಡಿಸಿ. ಕ್ಯಾಲ್ಸಿಯಂ, ಪಿಟಿಎಚ್ ಎರಡೂ ಜಾಸ್ತಿ ಇದ್ದರೆ ತೊಂದರೆ ಗ್ರಂಥಿಯಲ್ಲೇ ಇರುವ ಸಾಧ್ಯತೆ ಹೆಚ್ಚು. ಪಿಟಿಎಚ್ ಮಾತ್ರ ಜಾಸ್ತಿ ಇದ್ದರೆ ವಿಟಮಿನ್ ಡಿ ಕೊರತೆಯೋ ಕಿಡ್ನಿ ತೊಂದರೆಯೋ ನೋಡಬೇಕು, ಅದರ ಚಿಕಿತ್ಸೆಯೇ ಬೇರೆ. ಮಾನಸಿಕ ಕಾಯಿಲೆಗೆ ಲಿಥಿಯಂ ಅಥವಾ ಬಿಪಿಗೆ ಥಯಾಜೈಡ್ ಗುಳಿಗೆ ತಗೊಳ್ತಿದ್ದರೆ ಡಾಕ್ಟರಿಗೆ ಹೇಳಿ, ಅವೂ ಕ್ಯಾಲ್ಸಿಯಂ ಏರಿಸುತ್ತವೆ.

ಆಮೇಲೆ ಡೆಕ್ಸಾ ಸ್ಕ್ಯಾನ್, ಅಂದರೆ ಎಲುಬಿನ ಸಾಂದ್ರತೆ ಅಳೆಯುವ ಎಕ್ಸ್‌ರೇ. ಬೆನ್ನು, ಸೊಂಟದ ಜೊತೆ ಮುಂಗೈ ಎಲುಬನ್ನೂ ನೋಡಿ ಅಂತ ಕೇಳಿ. ಈ ಕಾಯಿಲೆ ಮೊದಲು ಸವೆಸುವುದು ಅದನ್ನೇ.

ಈಗ ಮುಖ್ಯ ಮಾತು. ಔಷಧ ಎಲುಬನ್ನು ಕಾಯುತ್ತದೆ, ಗ್ರಂಥಿಯನ್ನು ಸರಿ ಮಾಡುವುದಿಲ್ಲ. ಪೂರ್ತಿ ವಾಸಿ ಆಗುವುದು ಆಪರೇಷನ್‌ನಿಂದ, ಅದಾದ ಮೇಲೆ ಎಲುಬಿನ ಸಾಂದ್ರತೆ ತಾನಾಗಿ ಏರುತ್ತದೆ. ವಯಸ್ಸು 50ಕ್ಕಿಂತ ಕಡಿಮೆ ಇದ್ದರೆ, ಡೆಕ್ಸಾದಲ್ಲಿ ಬರುವ ಎಲುಬಿನ ಅಂಕ, ಅಂದರೆ ಟಿ-ಸ್ಕೋರ್, ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ, ಕಿಡ್ನಿಯಲ್ಲಿ ಕಲ್ಲಿದ್ದರೆ, ಬೆನ್ನೆಲುಬು ಮುರಿದಿದ್ದರೆ ಮೊದಲು ಸರ್ಜನ್ ಹತ್ತಿರ ಮಾತಾಡಿ. ಹೃದಯ ತೊಂದರೆಯೋ ವಯಸ್ಸೋ ಅಡ್ಡ ಬಂದವರಿಗೆ ಔಷಧದ ದಾರಿ.

ಅದರಲ್ಲಿ ಜಾಸ್ತಿ ಬಳಸುವುದು ಅಲೆಂಡ್ರೊನೇಟ್, ವಾರಕ್ಕೊಮ್ಮೆ 70 ಮಿಲಿಗ್ರಾಂ. ಸೋಮವಾರ ಅಪ್ಪನ (ಶರಣಬಸವೇಶ್ವರ) ಗುಡಿಗೆ ಹೋಗುವ ರೂಢಿ ಇದ್ದರೆ ಸೋಮವಾರವೇ ಗುಳಿಗೆ ದಿನ ಆಗಲಿ, ಮರೆಯುವುದಿಲ್ಲ. ಎದ್ದ ಕೂಡಲೇ, ಖಾಲಿ ಹೊಟ್ಟೆಯಲ್ಲಿ, ಒಂದು ದೊಡ್ಡ ಗ್ಲಾಸ್ ಬರೀ ನೀರಿನ ಜೊತೆ ನುಂಗಿ. ಚಹಾ, ಹಾಲು ಬೇಡ. ಅರ್ಧ ಗಂಟೆ ಏನೂ ತಿನ್ನಬೇಡಿ, ಮಲಗಲೂ ಬೇಡಿ, ಇಲ್ಲಾಂದ್ರೆ ಗುಳಿಗೆ ಅನ್ನನಾಳವನ್ನು ಸುಡುತ್ತದೆ. ನುಂಗಲು ತೊಂದರೆ ಇದ್ದವರಿಗೆ, ಕಿಡ್ನಿ ಬಹಳ ಕುಗ್ಗಿದವರಿಗೆ ಇದು ಆಗಿಬರುವುದಿಲ್ಲ. ಹಲ್ಲು ಕೀಳಿಸುವುದಿದ್ದರೆ ಶುರು ಮಾಡುವ ಮೊದಲೇ ಮುಗಿಸಿ. ವಿಟಮಿನ್ ಡಿ ಕಡಿಮೆ ಇದ್ದರೆ ಅದನ್ನೂ ಮೊದಲು ಡಾಕ್ಟರ್ ಹೇಳಿದಷ್ಟೇ ತಗೊಂಡು ಸರಿ ಮಾಡಿಕೊಳ್ಳಬೇಕು.

ಎಲುಬು ಸವೆಯದಂತೆ ತಡೆಯುವ ಡೆನೊಸುಮ್ಯಾಬ್ ಇಂಜೆಕ್ಷನ್ 6 ತಿಂಗಳಿಗೊಮ್ಮೆ. ಬೀದರ್, ಯಾದಗಿರಿಯ ಹಳ್ಳಿಗಳಿಂದ ಬರುವವರು ಮುಂದಿನ ತಾರೀಖನ್ನು ಕ್ಯಾಲೆಂಡರ್ ಮೇಲೆ ಬರೆದೇ ಮನೆಗೆ ಹೋಗಿ, ಯಾಕಂದ್ರೆ ಮಧ್ಯೆ ಬಿಟ್ಟರೆ ಎಲುಬು ಬೇಗ ಸವೆದು ಬೆನ್ನೆಲುಬು ಮುರಿಯುವ ಅಪಾಯವಿದೆ. ಸಿನಾಕ್ಯಾಲ್ಸೆಟ್ ರಕ್ತದ ಕ್ಯಾಲ್ಸಿಯಂ ಇಳಿಸುತ್ತದೆ, ಆದರೆ ಎಲುಬಿನ ಸಾಂದ್ರತೆ ಏರಿಸುವುದಿಲ್ಲ. ಎಲುಬು ಬೆಳೆಸಲು ಕೊಡುವ ಟೆರಿಪ್ಯಾರಟೈಡ್ ಇಂಜೆಕ್ಷನ್ ಅಂತೂ ಬೇಡವೇ ಬೇಡ, ಅದು ಪಿಟಿಎಚ್‌ನದೇ ತುಂಡು.

ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಅಂತ ಹಾಲು, ಮೊಸರು ಬಿಡಬೇಡಿ. ಊಟದಲ್ಲಿ ಕಡಿಮೆ ಆದರೆ ಪಿಟಿಎಚ್ ಇನ್ನೂ ಏರುತ್ತದೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದಲ್ವಾ, ನೀರು ಚೆನ್ನಾಗಿ ಕುಡಿಯಿರಿ, ಮೈಯಲ್ಲಿ ನೀರು ಕಡಿಮೆಯಾದರೂ ಕ್ಯಾಲ್ಸಿಯಂ ಏರುತ್ತದೆ. ವಾಂತಿ, ವಿಪರೀತ ಬಾಯಾರಿಕೆ, ಮಂಕು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ ಕ್ಯಾಲ್ಸಿಯಂ ನೋಡಿಸಿ.