ಕೆಲಸ ಬಿಡದೆ ಕಾದಂಬರಿ ಬರೆಯುವುದು ಹೇಗೆ

"ಟೈಮ್ ಸಿಕ್ಕರೆ ನಾನೂ ಒಂದು ಕಾದಂಬರಿ ಬರೀತೀನಿ" ಅನ್ನುವವರು ಹಾಸನದ ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ. ಟೈಮ್ ಸಿಗಲ್ಲ. ರಿಟೈರ್ ಆದ ಮೇಲೂ ಸಿಗಲ್ಲ, ಆಗ ಮೊಮ್ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಕರೆದುಕೊಂಡು ಬರುವ ಡ್ಯೂಟಿ ಶುರುವಾಗಿರುತ್ತದೆ. ನಮ್ಮ ಕಡೆ ಬರೆದವರನ್ನೇ ನೋಡಿ. ಸಂತೇಶಿವರದ ಭೈರಪ್ಪನವರು ಪಾಠ ಹೇಳಿಕೊಂಡೇ ಬರೆದರು, ಮೂಡಿಗೆರೆಯಲ್ಲಿ ತೇಜಸ್ವಿ ಕಾಫಿ ತೋಟ ಮಾಡಿಕೊಂಡು ಬರೆದರು, 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ನಮ್ಮೂರಿನ ಬಾನು ಮುಷ್ತಾಕ್ ವಕೀಲರು.

ಮೊದಲು ಲೆಕ್ಕ. 40,000 ಪದ ಅಂದರೆ ಅಚ್ಚಿನಲ್ಲಿ ಸುಮಾರು 200 ಪುಟದ ಪುಸ್ತಕ. ದಿನಕ್ಕೆ 200 ಪದ ಬರೆದರೆ 200 ದಿನ. ವರ್ಷದಲ್ಲಿ ಇನ್ನೂ 165 ದಿನ ಉಳಿಯುತ್ತದೆ, ಜ್ವರ, ಮದುವೆ, ನೆಂಟರು, ಸುಮ್ನೆ ಬೇಜಾರು ಎಲ್ಲಕ್ಕೂ ಸಾಕು. 200 ಪದ ಅಂದರೆ ಎಷ್ಟು ಗೊತ್ತಾ? ವಾಟ್ಸಾಪ್ ಗ್ರೂಪಿನಲ್ಲಿ ಜಗಳ ಬಿದ್ದಾಗ ನಾವು ಒಂದೇ ಸಂಜೆಗೆ ಅದಕ್ಕಿಂತ ಜಾಸ್ತಿ ಟೈಪ್ ಮಾಡಿರುತ್ತೇವೆ.

ಇನ್ನು ಸಮಯದ ವಿಷಯ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಹೇಳುವವರು ಸಾಮಾನ್ಯವಾಗಿ ಮನೆಯಲ್ಲಿ ಯಾರ ಡಬ್ಬಿಯನ್ನೂ ಕಟ್ಟುವವರಲ್ಲ. ತಿಂಡಿ ಮಾಡಿ, ಮಕ್ಕಳನ್ನು ಹೊರಡಿಸಿ, ತಾವೂ ಆಫೀಸಿಗೆ ಓಡುವ ಹೆಂಗಸರಿಗೆ ಆ ಬೆಳಗಿನ ಹೊತ್ತು ಮೊದಲೇ ಖರ್ಚಾಗಿರುತ್ತದೆ. ಅದಕ್ಕೆ ನಾನು ಹೇಳುವುದು, ಒಂದೇ ದೊಡ್ಡ ಹೊತ್ತು ಹುಡುಕಬೇಡಿ, ಬರೆಯುವ ಕೆಲಸವನ್ನೇ ಒಡೆದು ಸಿಕ್ಕ ಹೊತ್ತಿಗೆ ಹೊಂದಿಸಿ. ಹೊಸದಾಗಿ ಬರೆಯುವುದಕ್ಕೆ ತಲೆ ಫ್ರೆಶ್ ಆಗಿರಬೇಕು, ಅದಕ್ಕೆ ಮಾತ್ರ ಒಳ್ಳೆಯ ಅರ್ಧ ಗಂಟೆ ಕೊಡಿ, ಅದು ಬೆಳಗ್ಗೆ ಆಗಬಹುದು, ಊಟದ ಬಿಡುವಿನಲ್ಲಿ ಎಲ್ಲರೂ ಮೊಬೈಲ್ ಹಿಡಿದು ಕೂತಾಗಲೂ ಆಗಬಹುದು. ಕೈಬರಹವನ್ನು ಟೈಪ್ ಮಾಡುವುದು, ಹೆಸರು, ವಯಸ್ಸು, ಯಾವ ವರ್ಷ ಏನಾಯಿತು ಅಂತ ಪಟ್ಟಿ ಮಾಡುವುದು, ಇದೆಲ್ಲ ರಾತ್ರಿ ಸುಸ್ತಾದಾಗಲೂ ಮಾಡಬಹುದು.

ಬೇಲೂರಿನಿಂದ ಹಾಸನಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಹೋಗುತ್ತಾ ಒಂದು ಗಂಟೆ, ಬರುತ್ತಾ ಒಂದು ಗಂಟೆ ಸಿಗುತ್ತದೆ. ಅಲ್ಲಿ ಬರೆಯಲು ಹೋಗಬೇಡಿ. ಅರ್ಧ ದಿನ ಸೀಟೇ ಸಿಗಲ್ಲ, ಸಿಕ್ಕರೂ ರೋಡ್ ಹಂಪ್ ಬಂದಾಗ ಪೆನ್ನು ಎಲ್ಲೆಲ್ಲೋ ಹೋಗುತ್ತದೆ, ವಾಯ್ಸ್ ಟೈಪಿಂಗ್ ಮಾಡಿದರೆ ನಿಮ್ಮ ನಾಯಕಿಯ ಮಾತಿನ ಮಧ್ಯೆ ಕಂಡಕ್ಟರ್ "ಯಾರ್ರೀ ಟಿಕೆಟ್" ಅಂದಿದ್ದೂ ಸೇರಿಕೊಳ್ಳುತ್ತದೆ. ಬಸ್ಸು ಇರುವುದು ಯೋಚನೆ ಮಾಡಲಿಕ್ಕೆ. ಇವತ್ತು ಬರೆಯುವ ಒಂದೇ ಸನ್ನಿವೇಶ ಹಿಡಿದುಕೊಂಡು, ಯಾರು ಮೊದಲು ಮಾತಾಡುತ್ತಾರೆ, ಯಾರು ಸುಳ್ಳು ಹೇಳುತ್ತಿದ್ದಾರೆ ಅಂತ ಮನಸ್ಸಿನಲ್ಲೇ ಆಡಿಸಿ. ಇಳಿದ ತಕ್ಷಣ ಒಂದು ಸಾಲು ಗುರುತು ಹಾಕಿಕೊಳ್ಳಿ.

ಆ ಸಾಲು ಹೇಗಿರಬೇಕು ಅನ್ನುವುದರಲ್ಲೇ ಎಲ್ಲ ಇದೆ. "ನಾಳೆ ಮೂರನೇ ಅಧ್ಯಾಯ ಬರೆಯಬೇಕು" ಅಂತ ಬರೆದಿಟ್ಟರೆ ನಾಳೆ ಅದನ್ನು ನೋಡಿ ಆಕಳಿಕೆ ಬರುತ್ತದೆ ಅಷ್ಟೇ. "ಶಾಂತಕ್ಕ ಬಾಗಿಲು ತೆಗೀತಾಳೆ, ಮೈದುನ ನಿಂತಿದಾನೆ, ಕೈಯಲ್ಲಿ ಹೊಸ ಪಹಣಿ, ಅದರಲ್ಲಿ ಇವಳ ಗಂಡನ ಹೆಸರಿಲ್ಲ" ಅಂತ ಬರೆದಿಡಿ. ಕೂತ ಕೂಡಲೇ ಕೈ ಓಡುತ್ತದೆ, ಯಾಕೆಂದರೆ ಮುಂದೇನು ಅಂತ ನಿಮಗೇ ತಡೆಯಲಾಗುವುದಿಲ್ಲ. ಹಾಗೇ, ಬರೆಯುವುದನ್ನು ನಿಲ್ಲಿಸುವಾಗ ಸನ್ನಿವೇಶ ಮುಗಿಸಿ ನಿಲ್ಲಿಸಬೇಡಿ. ಶಾಂತಕ್ಕ ಪಹಣಿ ಕೈಗೆ ತಗೊಂಡಳು ಅನ್ನುವಲ್ಲೇ ಪೆನ್ನು ಇಡಿ. ಆಫೀಸಿನಲ್ಲಿ ಫೈಲು ನೋಡುತ್ತಿದ್ದರೂ ಅವಳು ಏನು ಹೇಳಬಹುದು ಅಂತ ತಲೆಯೊಳಗೆ ಓಡುತ್ತಲೇ ಇರುತ್ತದೆ.

ವರ್ಷದಲ್ಲಿ ಕೆಲವು ತಿಂಗಳು ಏನು ಮಾಡಿದರೂ ಆಗಲ್ಲ, ಅದನ್ನು ಮೊದಲೇ ಬಿಟ್ಟುಬಿಡಿ. ಬ್ಯಾಂಕಿನವರಿಗೆ, ಸರ್ಕಾರಿ ನೌಕರರಿಗೆ ಮಾರ್ಚ್ ಇಲ್ಲ. ಕೆಲಸದ ಜೊತೆಗೆ ಎರಡೆಕರೆ ತೋಟವೂ ಇದ್ದರೆ ಕಾಫಿ ಕುಯ್ಲಿನ ಡಿಸೆಂಬರ್, ಜನವರಿ ಇಲ್ಲ. ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆದ ದಿನಗಳಲ್ಲಂತೂ ಬೆಂಗಳೂರಿನ ನೆಂಟರೆಲ್ಲ ನಿಮ್ಮ ಮನೆಯಲ್ಲೇ ಇರುತ್ತಾರೆ, ನೀವು ಬರೆಯುವ ಟೇಬಲ್ ಮೇಲೆ ಅವರ ಬ್ಯಾಗು. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನ ಕಡೆ ಮಳೆ ಹಿಡಿದು ಕರೆಂಟು ಹೋದಾಗ, ಟೀವಿ ಇಲ್ಲ, ನೆಟ್‌ವರ್ಕ್ ಇಲ್ಲ, ಹೊರಗೆ ಹೋಗುವ ಹಾಗೂ ಇಲ್ಲ. ಅದೇ ನಿಮ್ಮ ಸೀಸನ್. ಅದಕ್ಕೇ ಮೊದಲ ಪ್ರತಿ ಕೈಬರಹದಲ್ಲಿರಲಿ ಅನ್ನುವುದು ನನ್ನ ಆಸೆ. 200 ಪುಟದ ಲಾಂಗ್ ಬುಕ್ ತಗೊಂಡು ಬಲಗಡೆ ಪುಟದಲ್ಲಿ ಮಾತ್ರ ಬರೆಯಿರಿ, ಎಡಗಡೆ ತಿದ್ದಲು, ಸೇರಿಸಲು ಬೇಕಾಗುತ್ತದೆ.

ಟೈಪ್ ಮಾಡುವಾಗ ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ಫಾಂಟಿನಲ್ಲಿ ಮಾಡಿದರೆ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅಕ್ಷರವೆಲ್ಲ ಕಲಸುಮೇಲೋಗರ. ವಾರಕ್ಕೊಮ್ಮೆ ಫೈಲನ್ನು ನಿಮಗೇ ಇಮೇಲ್ ಮಾಡಿಕೊಳ್ಳಿ. ಕಂಪನಿ ಲ್ಯಾಪ್‌ಟಾಪಿನಲ್ಲಿ ಬೇಡವೇ ಬೇಡ. ಸರ್ಕಾರಿ ಕೆಲಸದಲ್ಲಿದ್ದರೆ ಪ್ರಕಟಿಸುವ ಮೊದಲು ನಡತೆ ನಿಯಮಗಳನ್ನು ಒಮ್ಮೆ ಓದಿಕೊಳ್ಳಿ. ಮ್ಯಾನೇಜರನ್ನು ವಿಲನ್ ಮಾಡುವ ಆಸೆ ಎಲ್ಲರಿಗೂ ಇರುತ್ತದೆ, ಮಾಡಿ, ಆದರೆ ಊರು, ಮೀಸೆ, ಮಾತುಮಾತಿಗೂ ಬಳಸುವ ಪದ ಎಲ್ಲ ಬದಲಿಸಿ, ಇದು ಚಿಕ್ಕ ಊರು ಅಲ್ವಾ.

ಮೊದಲ ಪ್ರತಿ ಮುಗಿಯುವ ತನಕ ಹಿಂದಿನದನ್ನು ತಿದ್ದಲು ಕೂರಬೇಡಿ. ಮುಗಿದ ಮೇಲೆ ಒಂದು ತಿಂಗಳು ಬೀರುವಿನಲ್ಲಿಡಿ. ಆಮೇಲೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಎರಡು ದಿನ ರಜೆ ಹಾಕಿ ಒಂದೇ ಸಲ ಓದಿ. ರಜೆ ಚೀಟಿಯಲ್ಲಿ ಕಾರಣ "ಸ್ವಂತ ಕೆಲಸ" ಅಂತ ಬರೆದರೆ ಸಾಕು.